ಬೇರೆ ಇಟ್ಟ ಬಟ್ಟಲು

ಇವತ್ತು ಬೆಳಿಗ್ಗೆಯೂ ಎಲ್ಲ ದಿನದ ಹಾಗೆಯೇ ಇತ್ತು. ಐದೂವರೆಗೆ ಬಾಗಿಲ ಹಿಡಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದೆ. ಇಡ್ಲಿ ಬೇಯುವಷ್ಟರಲ್ಲಿ ಕಾಯಿ ತುರಿದೆ. ಇವರು ಅರ್ಧ ಲೋಟ ಕಾಫಿ ಬಿಟ್ಟು ಏಳು ಹತ್ತರ ಲೋಕಲ್ ರೈಲಿಗೆ ಓಡಿದರು. ಮಗಳು ನಿಧಿ, "ಮಮ್ಮಾ, ಡಬ್ಬಾ ನಕೋ, ಕ್ಯಾಂಟೀನ್ ಮೇ ಖಾ ಲೂಂಗಿ" ಎಂದು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ, ಊಟದ ಡಬ್ಬಿ ಬೇಡವೆಂದು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿ ಕಾಲೇಜಿಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು ಮತ್ತು ಮಾವ.

ಮಾವ ಮೂರು ಇಡ್ಲಿ ತಿಂದು ಎದ್ದರು. ತಮ್ಮ ಬಟ್ಟಲನ್ನು ತಾವೇ ಸಿಂಕಿಗೆ ಒಯ್ದರು. ನಮ್ಮ ಉಡುಪಿ ಕಡೆ ಊಟದ ತಟ್ಟೆಗೆ ಬಟ್ಟಲು ಎನ್ನುತ್ತೇವೆ. ಸೋಪು ಹಚ್ಚಿ ಮೂರು ಸಲ ತೊಳೆದರು, ಹೆಗಲ ಮೇಲಿನ ಪಂಚೆಯಲ್ಲಿ ಒರೆಸಿದರು. ಉಳಿದ ಪಾತ್ರೆಗಳ ಜೊತೆ ಸ್ಟ್ಯಾಂಡಿನಲ್ಲಿ ಇಡಲಿಲ್ಲ. ಕೋಣೆಗೆ ಹೋಗಿ, ಕಿಟಕಿಯ ಕಟ್ಟೆಯಲ್ಲಿ ಪೇಪರ್ ಹಾಸಿ ಅದರ ಮೇಲೆ ಕವುಚಿ ಇಟ್ಟರು. ಎಪ್ಪತ್ತೊಂಬತ್ತು ವರ್ಷದವರು. ಕಾಯಿಲೆ ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿ ಐದು ವರ್ಷವಾಯಿತು.

"ಮಾವ, ಅಲ್ಲೇ ಇಡಿ, ನಾನು ತೊಳೆಯುತ್ತೇನೆ" ಎಂದೆ, ದಿನವೂ ಹೇಳುವ ಹಾಗೆ.

"ಬೇಡ ಮಾರಾಯ್ತಿ, ನೀನು ಅದನ್ನು ಮುಟ್ಟುವುದು ಬೇಡ" ಎಂದರು, ದಿನವೂ ಹೇಳುವ ಹಾಗೆ.

ಅಷ್ಟರಲ್ಲಿ ಮಳೆ ಶುರುವಾಯಿತು. ಮಳೆಯ ಮೊದಲ ಹೊಡೆತಕ್ಕೆ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಆ ವಾಸನೆ ಬಂತು. ಸುಟ್ಟ ರಬ್ಬರಿಗೆ ಯಾರೋ ಅಗ್ಗದ ಅತ್ತರು ಸುರಿದ ಹಾಗೆ ಇರುತ್ತದೆ. ಮುಂಬೈ ಪಕ್ಕದ ಈ ಡೊಂಬಿವಲಿಯವರಿಗೆ ಅದು ಹೊಸದಲ್ಲ, ಮೂಗು ಸುಕ್ಕು ಮಾಡಿ ಕೆಲಸ ಮುಂದುವರಿಸುತ್ತೇವೆ. ಮಾವನ ಕೋಣೆಯ ಕಿಟಕಿ ಎಳೆದು ಮುಚ್ಚಲೆಂದು ಕೈ ಚಾಚಿದವಳು ನಿಂತೆ. ಅಲ್ಯೂಮಿನಿಯಂ ಚೌಕಟ್ಟಿನ ತಣ್ಣನೆ ಬೆರಳಿಗೆ ತಾಗಿದ್ದೇ ಐದು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ನೆನಪಾಯಿತು.

ಮಾವ ಭಿವಂಡಿಯ ಒಂದು ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ದುಡ್ಡಿನ ಗಲ್ಲೆಯಲ್ಲಿ ಕೂತವರು. ಸುತ್ತ ಪವರ್‌ಲೂಮ್‌ಗಳು, ಗಿರಾಕಿಗಳ ಕೂದಲಿನ ಮೇಲೆ ಹತ್ತಿಯ ಧೂಳು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಕೆಮ್ಮು ಇತ್ತು. "ಭಿವಂಡಿ ಧೂಳು, ಅದು ಪೆನ್ಶನ್ ಇದ್ದ ಹಾಗೆ, ಸಾಯುವವರೆಗೆ ಬರ್ತದೆ" ಎಂದು ತಮಾಷೆ ಮಾಡುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಕರವಸ್ತ್ರದ ಮೂಲೆಯಲ್ಲಿ ತುಕ್ಕಿನ ಬಣ್ಣದ ಕಲೆ ನೋಡಿದ್ದು ನಾನು. ಬಟ್ಟೆ ನೆನೆಹಾಕುವಾಗ ಮಡಿಕೆ ಬಿಚ್ಚಿ ನೋಡುವ ಅಭ್ಯಾಸ ನನಗೆ ಕಾನ್ವೆಂಟಿನ ಹಾಸ್ಟೆಲಿನಿಂದ ಬಂದದ್ದು. ಕಫದ ಪರೀಕ್ಷೆ, ಎಕ್ಸ್‌ರೇ ಎಲ್ಲ ಒಂದು ವಾರದಲ್ಲಿ ಆಯಿತು. ಟಿ.ಬಿ. ಎಂದರು. ಆರು ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ ಎಂದೂ ಹೇಳಿದರು. ಮನೆಯವರೆಲ್ಲರ ಎಕ್ಸ್‌ರೇ ತೆಗೆದರು. ಆಗ ಎಲ್ಲರದೂ ಸರಿ ಇತ್ತು, ಅತ್ತೆಯದೂ.

ಜೂನ್ ಮೊದಲ ವಾರ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೆ ಬಂದರು. ಲಿಫ್ಟ್ ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ ದಮ್ಮು ಬಿಡುತ್ತಿದ್ದ ದಪ್ಪ ಹೆಂಗಸು, ಒದ್ದೆ ಛತ್ರಿಯನ್ನು ಹೊರಗಿನ ಗೋಡೆಗೆ ಒರಗಿಸಿದರು. ಮಾವ ಮಲಗಿದ್ದರು, ಅತ್ತೆ ಸ್ನಾನಕ್ಕೆ ಹೋಗಿದ್ದರು. ನೆರೆಯವರಿಗೆ ಕೇಳಿಸಬಾರದೆಂದು ನಾನು ಬಾಗಿಲು ಅರ್ಧ ಮುಚ್ಚಿ, ಮೆಟ್ಟಿಲ ಬಳಿಯೇ ಮಾತಾಡಿಸಿದೆ. ಅವರು ಮರಾಠಿಯಲ್ಲಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ. ಕೋಣೆಯ ಕಿಟಕಿ ಹಗಲೆಲ್ಲ ತೆರೆದಿರಲಿ, ಗಾಳಿ ಆಡಬೇಕು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲಿ. ಯಾರಿಗೆ ಕೆಮ್ಮು ಬಂದರೂ ತಕ್ಷಣ ಕರೆದುಕೊಂಡು ಬನ್ನಿ. ಆಮೇಲೆ ಮೆಟ್ಟಿಲು ಇಳಿಯುತ್ತ ತಿರುಗಿ, "ಹಾಂ ತಾಯಿ, ತಟ್ಟೆ ಲೋಟ ಬೇರೆ ಮಾಡಬೇಡಿ. ಅದರಿಂದ ಹರಡುವುದಿಲ್ಲ. ಮುದುಕರ ಮನಸ್ಸಿಗೆ ಸುಮ್ಮನೆ ನೋವು" ಎಂದರು.

ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು. ಎಂಟನೇ ಕ್ಲಾಸಿನಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ಗಾಳಿಯಿಂದ ಹರಡುವ ಕಾಯಿಲೆಗಳ ಪಟ್ಟಿ ಬರೆಸಿದ್ದರು, ಅದರಲ್ಲಿ ಇದೂ ಇತ್ತು. ಪಟ್ಟಿಗೆ ನಾನು ಹತ್ತಕ್ಕೆ ಹತ್ತು ತೆಗೆದವಳು.

ಸಂಜೆ ಇವರು ಆಫೀಸಿನಿಂದ ಬಂದು ಕಾಲು ತೊಳೆಯುತ್ತ, "ಸಿಸ್ಟರ್ ಎಂತ ಹೇಳಿದ್ರು?" ಎಂದು ಕೇಳಿದರು. ಅತ್ತೆ ಅಲ್ಲೇ ಹೀರೇಕಾಯಿ ಹೆಚ್ಚುತ್ತಿದ್ದರು. ನಾನು ಮಾತ್ರೆಯ ವಿಷಯ ಹೇಳಿದೆ, ಮೂತ್ರದ ವಿಷಯ ಹೇಳಿದೆ. "ಬಟ್ಟಲು, ಲೋಟ, ಚಮಚ ಎಲ್ಲ ಬೇರೆ ಇಡಬೇಕಂತೆ. ಯಾರೂ ಅದರಲ್ಲಿ ಉಣ್ಣಬಾರದಂತೆ" ಎಂದೂ ಹೇಳಿದೆ.

ಯಾಕೆ ಹೇಳಿದೆ ಎಂಬುದನ್ನು ಬರೆಯಲೇಬೇಕು. ಅತ್ತೆ ಮದುವೆಯಾದ ದಿನದಿಂದ ಮಾವ ಉಂಡೆದ್ದ ಬಟ್ಟಲಲ್ಲೇ ಉಣ್ಣುತ್ತಿದ್ದವರು. ಮಾವ ಭಿವಂಡಿಯಿಂದ ಎಷ್ಟು ಹೊತ್ತಿಗೆ ಬಂದರೂ ಕಾಯುತ್ತಿದ್ದರು. ಅವರು ಕೊನೆಯಲ್ಲಿ ಒಂದು ತುತ್ತು ಮಜ್ಜಿಗೆ ಅನ್ನ ಬಿಟ್ಟು ಏಳಬೇಕು, ಅದೇ ಬಟ್ಟಲಿಗೆ ಅತ್ತೆ ಬಡಿಸಿಕೊಳ್ಳಬೇಕು. ನಾನು ಮದುವೆಯಾಗಿ ಬಂದ ಮರುದಿನ ಇವರು ಉಂಡೆದ್ದ ಬಟ್ಟಲನ್ನು ನನ್ನ ಕಡೆ ಸರಿಸಿ, "ಇದರಲ್ಲೇ ಹಾಕಿಕೋ ಜ್ಯೋತಿ" ಎಂದಿದ್ದರು. ಬಟ್ಟಲ ಅಂಚಿನಲ್ಲಿ ಅಗಿದು ಉಗಿದ ನುಗ್ಗೆಕಾಯಿಯ ಸಿಪ್ಪೆ ಇತ್ತು. ನಾನು ನಗುನಗುತ್ತಲೇ ಎದ್ದು ಬೇರೆ ಬಟ್ಟಲು ತಂದುಕೊಂಡೆ. ಅತ್ತೆ ಆಮೇಲೆ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಆದರೆ ಹದಿನೇಳು ವರ್ಷ ದಿನವೂ ಆ ಊಟ ನನ್ನ ಎದುರಿಗೇ ನಡೆಯಿತು. ಪ್ರತಿಸಲ ಆ ಎಂಜಲು ಬಟ್ಟಲನ್ನು ನೋಡಲಾಗದೆ ಏನೋ ನೆಪದಿಂದ ಬಾಲ್ಕನಿಗೆ ಹೋಗುತ್ತಿದ್ದೆ. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಆ ಸಂಜೆ ಸಿಸ್ಟರ್ ಬಾಯಿಯಲ್ಲಿ ಹೇಳಿಸಿದೆ. ನಿಧಿಯ ಬಗ್ಗೆ ಹೆದರಿಕೆ ಇತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವೂ ಹೌದು, ಆದರೆ ಕಾರಣ ಅದಲ್ಲ.

ಇವರು ಅವತ್ತೇ ಒಂದು ಸ್ಟೀಲ್ ಬಟ್ಟಲಿನ ಹಿಂಬದಿಗೆ ನಿಧಿಯ ನೇಲ್ ಪಾಲಿಶಿನಲ್ಲಿ ಕೆಂಪು ಬೊಟ್ಟು ಇಟ್ಟರು. ಕಿಟಕಿಯ ಮಾತನ್ನು ನಾನು ಹೇಳಿದ್ದೆ, ಆದರೆ ನಡೆಸಲಿಲ್ಲ. ಮಾವನ ಕೋಣೆಯ ಕಿಟಕಿಗೆ ಎದುರಾಗಿ ಆರು ಅಡಿಯಲ್ಲೇ ಪಕ್ಕದ ವಿಂಗಿನ ಕುಲಕರ್ಣಿ ವೈನಿಯ ಅಡುಗೆಮನೆ. ಬೆಳಗಾವಿಯವರು, ಅತ್ತಿಗೆ ಎನ್ನುವ ಬದಲು ಅವರ ಕಡೆಯ ಹಾಗೆ ವೈನಿ ಎನ್ನುತ್ತೇವೆ; ಮನಸ್ಸು ಒಳ್ಳೆಯದು, ಮಾತು ನಿಲ್ಲುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಇದೇ ಕಾಯಿಲೆ ಬಂದ ಒಬ್ಬ ಹುಡುಗಿ ಲಿಫ್ಟಿಗೆ ಬಂದರೆ ಜನ ಮೆಟ್ಟಿಲು ಹಿಡಿಯುತ್ತಿದ್ದುದನ್ನು ಕಂಡಿದ್ದೆ. ಮಾವ ಕೆಮ್ಮಲು ಶುರು ಮಾಡಿದರೆ ನಾನು ಓಡಿಹೋಗಿ ಕಿಟಕಿ ಎಳೆಯುತ್ತಿದ್ದೆ. ಕೇಳಿದರೆ ಎಂಐಡಿಸಿ ವಾಸನೆ ಎನ್ನುತ್ತಿದ್ದೆ, ಇಲ್ಲದಿದ್ದರೆ ಮಳೆ. ಕೋಣೆಯಲ್ಲಿ ಒದ್ದೆ ಬಟ್ಟೆ, ಫಿನೈಲ್, ಮಾತ್ರೆ, ಮೂರೂ ಸೇರಿದ ಒಂದು ಬಿಸಿ ಗಾಳಿ ನಿಂತಿರುತ್ತಿತ್ತು.

ಮೊದಲ ವಾರ ಮಾವ ಆ ಬಟ್ಟಲನ್ನು ತಿರುಗಿಸಿ ಬೊಟ್ಟು ನೋಡಿದರು. "ಹೋಟೆಲಿನ ಹಿಂದೆ ನಾಯಿಗೆ ಅನ್ನ ಹಾಕುವ ಬಟ್ಟಲಿಗೂ ನಾವು ಗುರ್ತು ಇಟ್ಟದ್ದಿಲ್ಲ" ಎಂದರು. ಇವರು, "ಅಪ್ಪ, ಆರು ತಿಂಗಳು ಅಷ್ಟೇ" ಎಂದರು. ಮಾವ ಜಗಳ ಮಾಡಲಿಲ್ಲ, ಉಣ್ಣುವುದನ್ನು ಬಿಟ್ಟರು. ಮೊದಲೇ ಮಾತ್ರೆಯಿಂದ ವಾಕರಿಕೆ. ಗಂಜಿ ಇಟ್ಟರೆ ನಾಲ್ಕು ಚಮಚ. ತೂಕ ನಲವತ್ತೆಂಟರಿಂದ ನಲವತ್ತಮೂರಕ್ಕೆ ಇಳಿಯಿತು. ಆರೋಗ್ಯ ಕೇಂದ್ರದ ತೂಕದ ಮಿಷಿನಿನ ಮೇಲೆ ನಿಂತಾಗ ಅವರ ಪಂಚೆ ಸೊಂಟದಲ್ಲಿ ನಿಲ್ಲದೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. "ಊಟ ಮಾಡದಿದ್ದರೆ ಔಷಧಿ ಏನು ಮಾಡುತ್ತದೆ?" ಎಂದು ಸಿಸ್ಟರ್ ನನ್ನನ್ನು ಗದರಿಸಿದರು.

ಜುಲೈ ಎರಡನೇ ವಾರದಿಂದ ಮಾವ ಉಣ್ಣತೊಡಗಿದರು. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಮೇಲೆ ಮಜ್ಜಿಗೆ. ಮುಂದಿನ ತಿಂಗಳು ಮಿಷಿನಿನ ಮುಳ್ಳು ಮೇಲೆ ಹೋಯಿತು. ಮಾತ್ರೆ ಹಿಡಿಯಿತು ಎಂದು ಎಲ್ಲರೂ ಹೇಳಿದೆವು.

ಒಂದು ಮಧ್ಯಾಹ್ನ ನಿಧಿಯನ್ನು ಕರೆತರಲು ಶಾಲೆಗೆಂದು ಹೊರಟಿದ್ದೆ; ರೈಲು ಹಳಿಯಲ್ಲಿ ನೀರು ನಿಂತಿದೆ ಎಂದು ಶಾಲೆ ಬೇಗ ಬಿಟ್ಟಿದ್ದರಿಂದ ಅರ್ಧ ದಾರಿಯಲ್ಲೇ ಸಿಕ್ಕ ಅವಳನ್ನು ಕರೆದುಕೊಂಡು ಬೇಗ ಹಿಂದೆ ಬಂದೆ. ಕೀಲಿಯಿಂದ ಬಾಗಿಲು ತೆಗೆದೆ. ಕೋಣೆಯಲ್ಲಿ ಮಾವ ಮಂಚದ ಮೇಲೆ, ಅತ್ತೆ ಕೆಳಗೆ ಮಣೆಯ ಮೇಲೆ. ಅತ್ತೆಯ ತೊಡೆಯ ಮೇಲೆ ಕೆಂಪು ಬೊಟ್ಟಿನ ಬಟ್ಟಲು. ಮಾವ ಏನೋ ಹೇಳುತ್ತಿದ್ದರು, ಅತ್ತೆ ಬಾಯಿ ತುಂಬ ಅನ್ನ ಇಟ್ಟುಕೊಂಡು ನಗುತ್ತಿದ್ದರು. ಅತ್ತೆ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ನನ್ನನ್ನು ಕಂಡು ಬಟ್ಟಲನ್ನು ಸೆರಗಿನಿಂದ ಮುಚ್ಚಿದರು.

"ಅವರು ಒಬ್ಬರೇ ಆದರೆ ಉಣ್ಣುವುದಿಲ್ಲ ಜ್ಯೋತಿ" ಎಂದರು ಆಮೇಲೆ, ಅಡುಗೆಮನೆಯಲ್ಲಿ. "ನೀನು ಮಗನಿಗೆ ಹೇಳಬೇಡ."

ಹೇಳಿದೆ. ಸಂಜೆಯೇ ಹೇಳಿದೆ. ಇವರು ಬ್ಯಾಗು ಕೆಳಗಿಡದೆ ಒಳಗೆ ಹೋದರು. "ಅಮ್ಮ, ನಿನಗೆ ಎಂತ ಸಾಯುವ ಆಸೆಯಾ? ಶುಗರ್ ಬೇರೆ ಉಂಟು ನಿನಗೆ. ಮನೆಯಲ್ಲಿ ಬೆಳೆಯುವ ಹುಡುಗಿ ಉಂಟು. ಸಿಸ್ಟರ್ ಅಷ್ಟು ಹೇಳಿ ಹೋಗಿದ್ದಾರೆ."

ಅತ್ತೆ ಮಗನ ಮುಖ ನೋಡಲಿಲ್ಲ. ನನ್ನ ಮುಖ ನೋಡಿದರು. ಅವರ ಮೂಗಿನ ತುದಿಯಲ್ಲಿ ಹಿಟ್ಟಿನ ಪುಡಿ ಅಂಟಿತ್ತು, ಅದು ಈಗಲೂ ಕಾಣುತ್ತದೆ.

"ಸಿಸ್ಟರ್ ಹಾಗೆ ಹೇಳಿದ್ದಾಳಾ ಜ್ಯೋತಿ? ಬಟ್ಟಲಿಂದ ಬರ್ತದೆ ಅಂತ?"

"ಹೌದು ಅತ್ತೆ" ಎಂದೆ.

ಅದು ಕೇಳಿದ್ದಕ್ಕೆ ಕೊಟ್ಟ ಉತ್ತರ. ಮೊದಲ ಸಲದ್ದು ಬಾಯಿತಪ್ಪಿ ಬಂತು ಎಂದಾದರೂ ಹೇಳಿಕೊಳ್ಳಬಹುದಿತ್ತು. ಇದಕ್ಕೆ ಆ ನೆಪವೂ ಇಲ್ಲ. ಅತ್ತೆ ತಲೆ ಆಡಿಸಿದರು. ಮರುದಿನದಿಂದ ಅಡುಗೆಮನೆಯಲ್ಲಿ ಬೇರೆ ಬಟ್ಟಲಿನಲ್ಲಿ, ನಿಂತುಕೊಂಡೇ ಉಂಡರು. ಇನ್ನೊಬ್ಬರ ಮನೆಯಲ್ಲಿ ಉಣ್ಣುವವರ ಹಾಗೆ.

ಚೌತಿಯ ಹೊತ್ತಿಗೆ ಅತ್ತೆಗೆ ಕೆಮ್ಮು ಶುರುವಾಗಿತ್ತು. ಗೊತ್ತಾಗಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಆದರೆ ಚಟ್ನಿಗೆ ಮಿಕ್ಸಿ ಐದು ನಿಮಿಷ ಓಡುತ್ತಿತ್ತು, ಬಟ್ಟಲಿಗೆ ಬಂದಾಗ ಚಟ್ನಿ ತರಿತರಿಯಾಗಿಯೇ ಇರುತ್ತಿತ್ತು. ಕೆಮ್ಮಿನ ಸದ್ದು ಮುಚ್ಚಲು ಅತ್ತೆ ಮಿಕ್ಸಿಯನ್ನು ಖಾಲಿಯಾಗಿಯೂ ಓಡಿಸುತ್ತಿದ್ದರು. ರವಕೆಯ ತೋಳಿಗೆ ಎರಡು ಪಿನ್ನು ಬಿದ್ದಿದ್ದವು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಗೌರಿ ಹಬ್ಬಕ್ಕೆ ಹೊಸ ಬಳೆ ತೊಡಿಸಲು ಬಂದ ಹೆಂಗಸು, "ಅಜ್ಜಿ, ಇಷ್ಟು ಸಣ್ಣ ಸೈಜು ಹುಡುಗಿಯರಿಗೆ ತರುವುದು" ಎಂದು ನಕ್ಕಳು, ಅತ್ತೆಯೂ ನಕ್ಕರು. ನನ್ನ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ಒಂದು ಸಲ ಕೇಳಿದೆ, "ಅತ್ತೆ, ಕೆಮ್ಮು ಉಂಟಾ?" ಅಂತ. "ಒಗ್ಗರಣೆ ಘಾಟು" ಎಂದರು. ಒಲೆಯ ಮೇಲೆ ಹಾಲು ಮಾತ್ರ ಇತ್ತು. ನಾನು ಹಾಲು ಇಳಿಸಿ ಹೊರಗೆ ಬಂದೆ. ಕೇಳಿದ್ದೆ ಎಂಬ ಸಮಾಧಾನ ಸಿಕ್ಕಿತ್ತಲ್ಲ.

ದೀಪಾವಳಿ ಕಳೆದು ಮಾವನ ಕೊನೆಯ ಕಫದ ಪರೀಕ್ಷೆ ಬಂತು, ಏನೂ ಇಲ್ಲ. ಇವರು ಪೇಡೆ ತಂದರು. ಅತ್ತೆ ದೇವರ ಮುಂದೆ ಇಟ್ಟು, ಒಂದನ್ನು ಮಾವನ ಬಾಯಿಗೆ ದೂರದಿಂದಲೇ ಹಾಕಿದರು, ಬೆರಳು ತುಟಿಗೆ ತಾಗದ ಹಾಗೆ. ಮಾವ, "ಈಗಲಾದರೂ ಹತ್ತಿರ ಬಾ ಮಾರಾಯ್ತಿ, ಸರ್ಟಿಫಿಕೇಟ್ ಸಿಕ್ಕಿತಲ್ಲ" ಎಂದರು. ಅತ್ತೆ ಬರಲಿಲ್ಲ. ಅವರಿಗೆ ಆಗ ತಮ್ಮದು ಏನೆಂದು ಗೊತ್ತಿತ್ತು ಎಂದು ನನಗೆ ಈಗ ಖಚಿತ.

ಅದಾದ ನಾಲ್ಕನೇ ದಿನ ಅತ್ತೆ ತಲೆನೋವು ಎಂದು ಮಲಗಿದರು. ವಾಂತಿ. ಆಮೇಲೆ ಮಾವನನ್ನು ನೋಡಿ, "ಹೋಟೆಲು ಮುಚ್ಚಿದಿರಾ?" ಎಂದು ಕೇಳಿದರು. ಠಾಣೆಯ ಆಸ್ಪತ್ರೆಗೆ ಸೇರಿಸಿದೆವು. ಎದೆಯಿಂದ ಮೆದುಳಿನ ಪೊರೆಗೆ ಹೋಗಿದೆ ಎಂದರು ಡಾಕ್ಟರು. ಮಾವನಿಗೆ ಗೊತ್ತಾಗುವ ಮೊದಲೇ ಅತ್ತೆಯೊಳಗೆ ಸೇರಿರಬಹುದು, ಯಾವಾಗ ಎಂದು ಯಾರೂ ಹೇಳಲಾರರು. "ಆದರೆ ಕೆಮ್ಮು ಎರಡು ಮೂರು ತಿಂಗಳದ್ದು. ಆಗ ತಂದಿದ್ದರೆ ಇದೇ ಮಾತ್ರೆಯಲ್ಲಿ ಹೋಗುತ್ತಿತ್ತು. ಮನೆಯಲ್ಲಿ ಒಬ್ಬರಿಗೆ ಇತ್ತಲ್ಲ, ಯಾಕೆ ಮುಚ್ಚಿಟ್ಟರು?" ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. "ಗೊತ್ತಿಲ್ಲ" ಎಂದೆ.

ಯಾಕೆಂದು ಅತ್ತೆಯೇ ಹೇಳಿದರು. ಎರಡನೇ ದಿನ ಬೆಳಿಗ್ಗೆ ಒಂದರ್ಧ ಗಂಟೆ ಸ್ಪಷ್ಟವಾಗಿದ್ದರು. ನಾನು ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದೆ.

"ಬಟ್ಟಲಿಂದಲೇ ಬಂದದ್ದು ಜ್ಯೋತಿ. ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಹೇಳಿದರೆ ಮಗ ಅವರಿಗೆ ಬೈತಾನೆ ಅಂತ ಸುಮ್ಮನಿದ್ದೆ. ಅವರಿಗೆ ಮಾತ್ರ ಇದು ಹೇಳಬೇಡ. ಉಣ್ಣುವುದಿಲ್ಲ ಮತ್ತೆ."

ಆ ಅರ್ಧ ಗಂಟೆ ನನಗೆ ಸಿಕ್ಕಿತ್ತು. ಅತ್ತೆ, ಬಟ್ಟಲಿಂದ ಬರುವುದಿಲ್ಲ, ನಾನು ಸುಳ್ಳು ಹೇಳಿದ್ದೆ, ನೀವು ಏನೂ ತಪ್ಪು ಮಾಡಲಿಲ್ಲ. ಇಷ್ಟೇ ಮಾತು. ನಾನು ಬಟ್ಟೆ ಹಿಂಡಿ, "ಮಾತಾಡಬೇಡಿ ಅತ್ತೆ, ಆಯಾಸ ಆಗ್ತದೆ" ಎಂದೆ. ಸಂಜೆಗೆ ಅವರಿಗೆ ಯಾರ ಗುರುತೂ ಇರಲಿಲ್ಲ. ಹನ್ನೊಂದನೇ ದಿನ ಹೋದರು.

ಹದಿಮೂರನೇ ದಿನದ ಊಟಕ್ಕೆ ಎಲೆ ಹಾಕಿದಾಗ ನೆರೂಲಿನಿಂದ ಬಂದ ನಾದಿನಿ ಅಳುತ್ತ ತಂದೆಗೆ ಹೇಳಿಬಿಟ್ಟರು. ಅಣ್ಣನಿಂದ ಕೇಳಿದ್ದಿರಬೇಕು. "ಅಪ್ಪ, ಅಮ್ಮ ನಿಮ್ಮ ಬಟ್ಟಲಲ್ಲಿ ಉಣ್ಣದೇ ಇರುತ್ತಿದ್ದರೆ ಇವತ್ತು ಇರ್ತಿದ್ದರು. ನೀವಾದರೂ ಬೇಡ ಹೇಳಬಹುದಿತ್ತಲ್ಲ." ಬಡಿಸುತ್ತಿದ್ದವರೆಲ್ಲ ನಿಂತರು. ಪಾಯಸದ ಸೌಟು ನನ್ನ ಕೈಯಲ್ಲಿತ್ತು. ಮಾವ ಎಲೆಯ ತುದಿಯನ್ನು ಮಡಚಿದರು, ಬಿಚ್ಚಿದರು. ಮರುದಿನ ಬೆಳಿಗ್ಗೆ ಮೊದಲ ಸಲ ತಮ್ಮ ಬಟ್ಟಲನ್ನು ತಾವೇ ತೊಳೆದರು.

ಒಮ್ಮೆ ನಿಧಿ ಅವರ ಬಟ್ಟಲಿನಿಂದ ಒಂದು ಹಪ್ಪಳ ಎತ್ತಿಕೊಂಡಳು. ಮಾವ ಅವಳ ಕೈಗೆ ಹೊಡೆದರು. ಆ ಮಗುವಿಗೆ ಹುಟ್ಟಿದ ಮೇಲೆ ಅಜ್ಜನಿಂದ ಸಿಕ್ಕ ಒಂದೇ ಏಟು. "ಒಬ್ಬಳನ್ನು ಕೊಂದದ್ದು ಸಾಕು" ಎಂದರು. ನಿಧಿ ಅತ್ತಳು, ನಾನು ಅವಳಿಗೆ ಬೇರೆ ಹಪ್ಪಳ ಕೊಟ್ಟೆ. ಮಾವನಿಗೆ ಹೇಳಬೇಕೆಂದು ಅವತ್ತು ನಿಶ್ಚಯ ಮಾಡಿದ್ದೆ. ಅವರ ಕೋಣೆಯ ಬಾಗಿಲವರೆಗೆ ಹೋಗಿ, "ಮಾವ, ಕಾಫಿ ಬೇಕಾ?" ಎಂದು ಕೇಳಿ ಬಂದೆ. ಹೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ. ಮನೆಯಲ್ಲಿ ನಾನು ಏನಾಗಿ ಉಳಿಯುತ್ತೇನೆ? ಐದು ವರ್ಷದಿಂದ ಈ ಎರಡನ್ನೂ ತೂಗುತ್ತೇನೆ, ಪ್ರತಿಸಲ ನನ್ನ ಕಡೆಯೇ ವಾಲುತ್ತದೆ. ಎಲ್ಲರೂ ನನ್ನನ್ನು ಸಾಧು ಸೊಸೆ ಎನ್ನುತ್ತಾರೆ.

ಇಷ್ಟೆಲ್ಲ ಮತ್ತೆ ತಲೆಯೊಳಗೆ ಬಂದು ಹೋಗುವಷ್ಟರಲ್ಲಿ ಹಗಲು ಕಳೆಯಿತು. ಕಿಟಕಿಯನ್ನು ಎಳೆಯಲಿಲ್ಲ, ಮಾವನ ಹಾಸಿಗೆಯ ತುದಿ ಸ್ವಲ್ಪ ಒದ್ದೆಯಾಯಿತು. ಸಂಜೆ ಮಳೆ ಬಿಟ್ಟಿತು. ದೀಪ ಹಚ್ಚಿ ಮಾವನಿಗೆ ಅವಲಕ್ಕಿ ಕೊಟ್ಟೆ, ಹೊರಕೋಣೆಯಲ್ಲಿ ಕೂತು ತಿನ್ನುತ್ತಿದ್ದರು. ಬಾಗಿಲು ತೆರೆದೇ ಇತ್ತು. ಕುಲಕರ್ಣಿ ವೈನಿ ಮುಚ್ಚಿದ ತಟ್ಟೆಯಲ್ಲಿ ಕೊತ್ತಂಬರಿ ವಡಿ ಹಿಡಿದುಕೊಂಡು ಬಂದರು. ಎಂಟು ದಿನದಿಂದ ಕಂಡಿರಲಿಲ್ಲ. ಅತ್ತೆ ಹೋದ ಮೇಲೆ ನಮ್ಮ ಮನೆಯ ಕಾಯಿಲೆಯ ವಿಷಯ ಅವರಿಗೂ ಗೊತ್ತಾಗಿತ್ತು.

"ಎಲ್ಲಿ ಹೋಗಿದ್ರಿ ವೈನಿ?" ಎಂದೆ.

"ಕಲ್ಯಾಣ ಊರಿಗೆ ಹೋಗಿದ್ನಿ, ತಂಗಿ ಮನಿಗೆ. ಆಕಿ ಮಗಗ ಟಿ.ಬಿ. ಬಂದದ. ಭಾಳ ಗಾಬ್ರಿ ಆಗಿದ್ಲು, ಜೊತೀಗೆ ಇದ್ದು ಬಂದ್ನಿ." ಮಾವನ ಎದುರಿನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಂಡರು. "ಗುಳಿಗಿ ಚಾಲೂ ಮಾಡ್ಯಾರ್ರಿ ಕಾಕಾ, ನಿಮಗ ಆರಾಮ ಆತಲ್ಲ, ಹಂಗ ಅವಂಗೂ ಆಗ್ತದ."

ಮಾವ ತಲೆ ಆಡಿಸಿದರು. ನಾನು ವಡಿಯನ್ನು ನಮ್ಮ ಪಾತ್ರೆಗೆ ಹಾಕಿ ಅವರ ಮುಂದಿಟ್ಟು, ಖಾಲಿ ತಟ್ಟೆ ತೊಳೆಯಲು ಒಳಗೆ ಹೊರಟೆ. "ಅವನ ಬಟ್ಟಲು ಬೇರೆ ಇಡಲಿಕ್ಕೆ ಹೇಳಿ" ಎಂದು ಮಾವ ಮೆಲ್ಲಗೆ ಹೇಳಿದ್ದು ಕೇಳಿಸಿತು. "ಅದೊಂದು ಮರೆಯಬಾರದು."

"ನಾನೂ ಅದನ್ನs ಅಂದ್ನಿ ನೋಡ್ರಿ. ದವಾಖಾನಿ ಸಿಸ್ಟರು ನನ್ನ ಮ್ಯಾಲೆ ಸಿಟ್ಟಾದ್ಲು. ತಾಟಿನಿಂದ, ಎಂಜಲದಿಂದ ಅದು ಹತ್ತೂದs ಇಲ್ಲಂತ್ರಿ. ಯಾರ ಮನ್ಯಾಗ ಬಂದ್ರೂ ಮೊದಲ್ನೇ ದಿನಾನs ಈ ಮಾತು ಹೇಳಿ ಹೋಗ್ತಾರಂತ" ಎಂದು ವೈನಿ ಒಂದು ವಡಿ ಮುರಿದು ಬಾಯಿಗೆ ಹಾಕಿಕೊಂಡರು. "ಯಾಕ್ರಿ ಜ್ಯೋತಿ, ಆವಾಗ ನಿಮ್ಮ ಮನಿಗೆ ಬಂದಾಕಿ ಹೇಳಿರಲಿಲ್ಲೇನು?"